ಕೆ.ಜಿ.ಎಫ್.ನ ಗೋಡೆಗಳನ್ನು ಓದುತ್ತ ಮೂರು ದಿನ

ಮೊದಲ ದಿನ

ಬೆಂಗಳೂರಿನಿಂದ ಬೆಳಿಗ್ಗೆ ಹೊರಡುವ ಮಾರಿಕುಪ್ಪಂ ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗಕ್ಕೆ ಯಾರೂ ಜಗಳವಾಡುವುದಿಲ್ಲ. ಅದೇ ಹೊತ್ತಿಗೆ ಎದುರಿನಿಂದ ಬರುವ ರೈಲುಗಳ ಬಾಗಿಲಿಗೆ ಜೋತುಬಿದ್ದ ಜನರನ್ನು ನೋಡಿದರೆ ಕಾರಣ ತಿಳಿಯುತ್ತದೆ. ಕೋಲಾರದ ಚಿನ್ನದ ಗಣಿಗಳ ಊರಿನವರು ದಿನವೂ ನಸುಕಿನಲ್ಲೆದ್ದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಹಾಗಾಗಿ ಬೆಳಿಗ್ಗೆ ಹೋಗಿ ಸಂಜೆಗೆ ಮುಂಚೆ ಹಿಂತಿರುಗುವ ಪ್ರವಾಸಿಗನಿಗೆ ಕಾಲು ಚಾಚಿಕೊಳ್ಳುವಷ್ಟು ಜಾಗ ಸಿಗುತ್ತದೆ. ಸಂಜೆ ಬೆಂಗಳೂರಿನಿಂದ ಹೊರಡುವ ರೈಲನ್ನು ನೆಚ್ಚಿಕೊಂಡವನಿಗೆ ನಿಲ್ಲಲು ಒಂದು ಕಾಲಿನ ಜಾಗ ಸಿಕ್ಕಿದರೂ ಪುಣ್ಯ.

ಬೋರ್ಡುಗಳನ್ನು ಓದುವುದು ನನ್ನ ಹಳೆಯ ಚಾಳಿ. ಹೊಸ ಊರಿಗೆ ಹೋದರೆ ಗುಡಿಗಿಂತ ಮೊದಲು ಗೋಡೆ ನೋಡುತ್ತೇನೆಂದು ಮನೆಯವರು ಆಡಿಕೊಳ್ಳುವುದುಂಟು. ಕೆ.ಜಿ.ಎಫ್.ಗೆ ಹೋಗಬೇಕೆನ್ನಿಸಿದ್ದೂ ಅದೇ ಕಾರಣಕ್ಕೆ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರ ಸುಮಾರಿಗೆ ಕೈಗೆತ್ತಿಕೊಂಡು 1956ರವರೆಗೆ ನಡೆಸಿದ ಗಣಿಗಳವು. ನೆಲ ಮೈಸೂರು ಸಂಸ್ಥಾನದ್ದು. ಕೂಲಿಕಾರರಲ್ಲಿ ಬಹುಪಾಲು ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳ ಕಡೆಯಿಂದ ಬಂದವರು. ಮೇಲಿನ ಹುದ್ದೆಗಳಲ್ಲಿ ಆಂಗ್ಲರು, ಅವರೊಡನೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ನುರಿತ ಗಣಿಗಾರರು. ಇಷ್ಟು ಬಗೆಯ ಜನ ಒಂದೇ ಬಯಲಿನಲ್ಲಿ ಸೇರಿದಾಗ ಯಾರು ಯಾರಿಗೆ ಏನನ್ನು ಬರೆದು ತಿಳಿಸುತ್ತಿದ್ದರು, ಅದನ್ನು ಓದುವವರಾದರೂ ಯಾರಿದ್ದರು ಎಂಬ ಪ್ರಶ್ನೆ ಬಹಳ ದಿನಗಳಿಂದ ತಲೆಯಲ್ಲಿ ಕೊರೆಯುತ್ತಿತ್ತು.

ಬಂಗಾರಪೇಟೆಯಲ್ಲಿ ಹುಟ್ಟಿ ಬೆಳೆದ ಶಿಕ್ಷಕ ಗೆಳೆಯ ಅಲ್ಲಿಯೇ ರೈಲು ಹತ್ತಿದ. ಅವನನ್ನು ಕರೆದುಕೊಂಡದ್ದರಲ್ಲಿ ನನ್ನ ಸ್ವಾರ್ಥವೂ ಇತ್ತು. ಕನ್ನಡ ಬಲ್ಲವನಿಗೆ ತೆಲುಗು ಅಕ್ಷರಗಳು ಹೇಗೋ ಕೂಡಿಬರುತ್ತವೆ. ತಮಿಳು ಮಾತ್ರ ನನಗೆ ಮುಚ್ಚಿದ ಬಾಗಿಲು, ಅವನಿಗೆ ಅದು ಮನೆಯ ಹಿತ್ತಿಲು. ಊರಿನ ಹೆಸರೇ ಒಂದು ಬೋರ್ಡಿನ ಕಥೆಯೆಂದು ಅವನು ಆರಂಭಿಸಿದ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನಲ್ಲಿ ಬೌರಿಂಗ್‌ಪೇಟೆಯಾಗಿದ್ದ ನಿಲ್ದಾಣ ಮುಂದೆ ಬಂಗಾರಪೇಟೆಯಾಯಿತು. ಇಲ್ಲಿಂದ ಗಣಿಗಳಿಗೆ ಹೋಗುವ ಕವಲು ಹಳಿ 1894ರಲ್ಲಿ ಬಂತು. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ನಿಲ್ದಾಣಗಳ ಹೆಸರನ್ನು ಕೇಳುತ್ತ ಹೋದರೆ ಭೂಪಟವನ್ನಲ್ಲ, ಲಂಡನ್ನಿನ ಷೇರುಪೇಟೆಯ ಪಟ್ಟಿಯನ್ನು ಓದಿದಂತಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಒಂದೊಂದು ಗಣಿ ಕಂಪನಿಯ ಹೆಸರಿನಲ್ಲಿಯೂ ಸೇರಿದ್ದವು.

ಮೊದಲ ಎಡವಟ್ಟು ಆದದ್ದೂ ಹೆಸರಿನಿಂದಲೇ. ಹಳೆಯ ಕಾಗದಪತ್ರಗಳಲ್ಲಿ ಉರಿಗಾಂ ಎಂದೂ ಕಂಪನಿಯ ಹೆಸರಿನಲ್ಲಿ ಊರೆಗಮ್ ಎಂದೂ ರೈಲ್ವೆಯ ಬರವಣಿಗೆಯಲ್ಲಿ ಊರ್ಗಾಂ ಎಂದೂ ಕಾಣುವ ಒಂದೇ ಹಳ್ಳಿಯ ಹೆಸರಿನ ಕಾಗುಣಿತದಲ್ಲಿ ಯಾವುದು ಸರಿಯೆಂದು ನಾವಿಬ್ಬರೂ ವಾದಿಸುತ್ತಿರುವಾಗಲೇ ಆ ನಿಲ್ದಾಣ ಬಂದು ಹೋಗಿತ್ತು. ಚಾಂಪಿಯನ್‌ನಲ್ಲಿ ಇಳಿದು, ಆಟೋ ಹಿಡಿದು, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದೆವು.

ನಷ್ಟವೇನೂ ಆಗಲಿಲ್ಲ. ಚಾಂಪಿಯನ್ ನಿಲ್ದಾಣದ ಗೋಡೆಯೇ ನಮ್ಮ ಮೊದಲ ಪಾಠವಾಯಿತು. ಎ-ನಾಲ್ಕು ಅಳತೆಯ ಹಳದಿ, ಗುಲಾಬಿ ಹಾಳೆಗಳು ಒಂದರ ಮೇಲೊಂದು ಅಂಟಿಕೊಂಡು ಗೋಡೆಗೆ ಎರಡನೆಯ ಗಾರೆಯಂತಾಗಿದ್ದವು. ಎಲ್ಲದರ ತಲೆಬರಹವೂ ಒಂದೇ: ಕೆಲಸಕ್ಕೆ ಬೇಕಾಗಿದ್ದಾರೆ. ಸೆಕ್ಯೂರಿಟಿ ಗಾರ್ಡು, ಹೌಸ್‌ಕೀಪಿಂಗು, ಪ್ಯಾಕಿಂಗ್ ಹುಡುಗಿಯರು, ಪಿ.ಎಫ್., ಇ.ಎಸ್.ಐ., ಊಟ, ವಸತಿ ಉಂಟು. ಸ್ಥಳ ಮಾತ್ರ ಒಂದರಲ್ಲಿಯೂ ಕೆ.ಜಿ.ಎಫ್. ಅಲ್ಲ, ವೈಟ್‌ಫೀಲ್ಡ್, ಹೊಸೂರು, ಎಲೆಕ್ಟ್ರಾನಿಕ್ ಸಿಟಿ. ಒಂದು ಕಾಲದಲ್ಲಿ ಹೊರ ಊರುಗಳಲ್ಲಿ ಮೇಸ್ತ್ರಿಗಳು ಬಾಯಿಮಾತಿನಿಂದ ಆಳುಗಳನ್ನು ಹೊಂದಿಸಿ ಇಲ್ಲಿಗೆ ಕರೆತರುತ್ತಿದ್ದರು. ಈಗ ಇಲ್ಲಿಯ ಗೋಡೆಯೇ ಆಳುಗಳನ್ನು ಹೊಂದಿಸಿ ಹೊರಗೆ ಕಳಿಸುತ್ತಿದೆ.

ರಾಬರ್ಟ್‌ಸನ್‌ಪೇಟೆಯ ಲಾಡ್ಜಿನಲ್ಲಿ ಚೀಲ ಇಟ್ಟು ಹೊರಗೆ ಬಿದ್ದೆವು. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರಿನ ಈ ಪೇಟೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಪ್ಲೇಗಿನ ಹೆದರಿಕೆ ಇನ್ನೂ ಆರದ ದಿನಗಳಲ್ಲಿ, ಅಳೆದು ಗೆರೆ ಎಳೆದು ಕಟ್ಟಿದ್ದು. ನೇರ ರಸ್ತೆಗಳು, ಅವನ್ನು ಕತ್ತರಿಸುವ ಕ್ರಾಸುಗಳು. ದಾರಿ ತಪ್ಪಿಸಿಕೊಳ್ಳಬೇಕೆಂದರೂ ಸುಲಭವಲ್ಲ. ಗಣಿಗಳಿಗೆ ಸೇರಿದ ನೆಲದಲ್ಲಿ ಕಂಪನಿಯ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿ ಅಲ್ಲಾಡದಿದ್ದ ಕಾಲದಲ್ಲಿ ಅಂಗಡಿ ಇಟ್ಟು ವ್ಯಾಪಾರ ಮಾಡುವವರಿಗೆ ಕಾಲೂರಲು ಸಿಕ್ಕ ಜಾಗವೆಂದರೆ ಇಂಥ ಪೇಟೆಗಳೇ. ಆದ್ದರಿಂದ ಈ ಊರಿನಲ್ಲಿ ಎರಡು ಬಗೆಯ ಗೋಡೆಗಳು ಬೆಳೆದವೆಂದು ನನಗನ್ನಿಸಿತು. ಗಣಿಯ ಕಡೆಯ ಗೋಡೆ ‘ಬರಬೇಡ’ ಎನ್ನುತ್ತದೆ, ಪೇಟೆಯ ಗೋಡೆ ‘ಬಾ’ ಎನ್ನುತ್ತದೆ. ಗೆಳೆಯ ಇದನ್ನು ಕೇಳಿ, ಮೊದಲ ದಿನವೇ ತೀರ್ಮಾನಕ್ಕೆ ಬರಬಾರದೆಂದು ಮೇಷ್ಟರ ಗತ್ತಿನಲ್ಲಿ ಎಚ್ಚರಿಸಿದ.

ಮಧ್ಯಾಹ್ನದ ಊಟಕ್ಕೆ ಬಿರಿಯಾನಿಯ ಪರಿಮಳವನ್ನೇ ಹಿಂಬಾಲಿಸಿ ಎಂ.ಜಿ. ಮಾರ್ಕೆಟ್ ಹತ್ತಿರದ ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು. ಬೋರ್ಡು ಇಲ್ಲದ ಹೋಟೆಲು. ಏಕೆಂದು ಕೇಳಿದರೆ, ‘ತಟ್ಟೆ ಖಾಲಿ ಇದ್ದಾಗ ಬೋರ್ಡ್ ಬೇಕು ಸಾರ್, ನಮ್ದು ಎರಡು ಗಂಟೆಗೆ ಬಿರಿಯಾನಿ ಹಂಡೆ ಖಾಲಿ’ ಎಂದರು ಮಾಲೀಕರು. ಅವರ ಮಾತು ಸುಳ್ಳಲ್ಲ; ನಮ್ಮ ಹಿಂದೆ ಬಂದ ನಾಲ್ವರಿಗೆ ಕುಷ್ಕಾ ಮಾತ್ರ ಉಳಿದಿತ್ತು.

ಸಂಜೆ ಪ್ರಿಚರ್ಡ್ ರಸ್ತೆಯಿಂದ ಸೂರಜ್‌ಮಲ್ ವೃತ್ತದ ಕಡೆಗೆ ನಡೆದೆವು. ಕಣ್ಣಿಗೆ ಮೊದಲು ಹೊಡೆಯುವುದು ಚಿನ್ನದ ಸಾಲದ ಬೋರ್ಡುಗಳು. ಹಳದಿ, ಕೆಂಪು, ನೀಲಿ. ಪ್ರತಿ ಕಂಪನಿಯದೂ ಬೇರೆ ಬಣ್ಣ, ಪ್ರತಿ ಬೋರ್ಡಿನಲ್ಲಿಯೂ ಬಳೆ ತೊಟ್ಟು ನಗುವ ಹೆಂಗಸು, ಗ್ರಾಮಿಗೆ ಇಷ್ಟು ಎಂಬ ಅಂಕಿ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನವನ್ನು ನೆಲದಿಂದ ತೆಗೆದ ಊರಿನಲ್ಲಿ ಈಗ ಚಿನ್ನದ ಮಾತು ಗ್ರಾಮಿನ ಲೆಕ್ಕಕ್ಕೆ ಇಳಿದಿದೆ. ಅವುಗಳ ಕೆಳಗೆ, ಜಡಿಮಳೆಗೆ ತೊಯ್ದು ಜೋಲುಬಿದ್ದ ಕಪ್ಪು ಅಂಚಿನ ಫ್ಲೆಕ್ಸುಗಳು. ಗೆಳೆಯ ಓದಿ ಹೇಳಿದ: ‘ಕಣ್ಣೀರ್ ಅಂಜಲಿ’, ತೀರಿಕೊಂಡವರಿಗೆ ಬಂಧುಬಳಗದವರು ಹಾಕಿಸುವ ಶ್ರದ್ಧಾಂಜಲಿ. ಒಂದು ಬೇಕರಿಯಲ್ಲಿ ಕ್ರಿಸ್‌ಮಸ್ ಕೇಕಿಗೆ ಈಗಲೇ ಹೇಳಿಡಿ ಎಂಬ ಕೈಬರಹದ ರಟ್ಟು. ಆಗಿನ್ನೂ ನವೆಂಬರ್ ತಿಂಗಳು. ಬಾಕಿ ಊರುಗಳಲ್ಲಿ ದೀಪಾವಳಿಯ ಪಟಾಕಿ ಅಂಗಡಿ ಎತ್ತಿದ ಮೇಲೆ ಪೇಟೆ ಮಂಕಾಗುತ್ತದೆ, ಇಲ್ಲಿ ಹಾಗಲ್ಲ.

ರಸ್ತೆಯ ತುದಿಯಲ್ಲಿದ್ದ ಹಳೆಯ ದಿನಸಿ ಅಂಗಡಿಗೆ ಕಡಲೆಬೀಜ ಕೊಳ್ಳಲು ಹೋದಾಗ ಆ ದಿನದ ಭಾಗ್ಯ ಕಾದಿತ್ತು. ಅಂಗಡಿಯ ಹಿರಿಯರು ಅಕ್ಕಿಯ ಪೀಪಾಯಿಗೆ ಮುಚ್ಚಳವಾಗಿ ಹಾಕಿದ್ದ ಕಬ್ಬಿಣದ ತಗಡನ್ನು ಎತ್ತಿದಾಗ ಅದರ ಒಳಮೈ ಗಾಢ ನೀಲಿಯಾಗಿ ಹೊಳೆಯಿತು. ಬಿಳಿ ಅಕ್ಷರ, ಮೂಲೆಯಲ್ಲಿ ಮೊಳೆ ಹೊಡೆದ ತೂತು, ಅಂಚಿನಲ್ಲಿ ತುಕ್ಕು. ಯಾವುದೋ ಚಹಾ ಕಂಪನಿಯ ಎನಾಮಲ್ ಫಲಕ. ಗಾಜಿನ ಪುಡಿಯನ್ನು ಕಬ್ಬಿಣದ ತಗಡಿನ ಮೇಲೆ ಹರಡಿ ಕುಲುಮೆಯಲ್ಲಿ ಸುಟ್ಟು ಕರಗಿಸಿ ಅಂಟಿಸುವ ಈ ಫಲಕಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬ್ರಿಟನ್ನಿನಲ್ಲಿ ಹೇರಳವಾಗಿ ತಯಾರಾಗುತ್ತಿದ್ದವು. ಬಿಸಿಲು ಮಳೆಗೆ ಬಣ್ಣಗೆಡದ ಕಾರಣ ಹಡಗೇರಿ ದೇಶದೇಶಗಳ ಅಂಗಡಿಗಳ ಗೋಡೆಗೆ ಬಂದು ಕುಳಿತವು. ‘ನಮ್ಮ ತಾತನ ಕಾಲದ್ದು. ಮಾರ್ತೀರಾ ಅಂತ ಬೆಂಗಳೂರಿಂದ ಬಂದು ಕೇಳ್ತಾರೆ. ಅಕ್ಕಿಗೆ ಏನು ಮುಚ್ಚೋದು ಹೇಳಿ?’ ಎಂದು ಹಿರಿಯರು ನಕ್ಕರು. ನಾನು ಕೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು ಕಡಲೆಬೀಜಕ್ಕೆ ದುಡ್ಡು ಕೊಟ್ಟೆ.

ಬೀದಿದೀಪಗಳು ಹೊತ್ತಿಕೊಂಡವು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು 1902ರಲ್ಲಿ ಮೊದಲು ತಲುಪಿದ್ದು ಈ ಗಣಿಗಳನ್ನು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಗಳ ನಡುವೆ ‘ಫೈವ್ ಲೈಟ್ಸ್’ ಎಂಬ ಹೆಸರಿನ ಜಾಗವೇ ಇದೆ. ದೀಪಗಳನ್ನು ಎಣಿಸಿ ಜಾಗಕ್ಕೆ ಹೆಸರಿಟ್ಟವರಿಗೆ ಓದಲು ಬರುತ್ತಿತ್ತೋ ಇಲ್ಲವೋ, ಬೋರ್ಡಿನ ಅಗತ್ಯವಂತೂ ಬೀಳಲಿಲ್ಲ.

ಎರಡನೆಯ ದಿನ

ಬೆಳಗಿನಿಂದಲೇ ಸೋನೆ. ಈ ಕಡೆ ಕಾರ್ತಿಕದಲ್ಲಿ ಬೀಳುವ ಮಳೆ ಹೊಡೆಯುವುದಿಲ್ಲ, ನೆನೆಸುತ್ತದೆ. ಹಿಂದಿನ ದಿನ ಪರಿಚಯವಾದ ಆಟೋ ಚಾಲಕರನ್ನೇ ಮಧ್ಯಾಹ್ನದವರೆಗೆ ಮಾತಾಡಿಕೊಂಡು ಗಣಿಗಳ ಕಡೆಗೆ ಹೊರಟೆವು. ಇಲ್ಲಿ ಸ್ಥಳೀಯರ ಜೊತೆಯಿಲ್ಲದೆ ಅಲೆಯುವುದು ಒಳ್ಳೆಯದಲ್ಲ. ಪೊದೆಗಳ ನಡುವೆ ಬಾಯಿ ತೆರೆದ ಹಳೆಯ ಶಾಫ್ಟುಗಳು, ಅಂದರೆ ಗಣಿಗಿಳಿಯುವ ಆಳದ ಬಾವಿಗಳು, ಇರುತ್ತವೆಂದು ಅವರೇ ಎರಡು ಸಲ ಹೇಳಿದರು. ‘ಅಣ್ಣಾ, ರೋಡ್ ಬಿಟ್ಟು ಇಳೀಬೇಡಿ’ ಎಂಬ ಅವರ ಮಾತು ಆ ದಿನ ನಾವು ಕಂಡ ಎಲ್ಲ ಬೋರ್ಡುಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಗಿಫರ್ಡ್ಸ್ ಶಾಫ್ಟ್, ಹೀತ್‌ಕೋಟ್ ಶಾಫ್ಟ್, ಎಡ್ಗರ್ಸ್ ಶಾಫ್ಟ್, ಕೆನಡೀಸ್ ಲೈನು, ರಾಡ್ಜರ್ಸ್ ಕ್ಯಾಂಪು: ಚಾಲಕರು ಹೇಳುತ್ತ ಹೋದ ಹೆಸರುಗಳಲ್ಲಿ ಅರ್ಧಕ್ಕರ್ಧ ಯಾವ ಫಲಕದಲ್ಲಿಯೂ ಇರಲಿಲ್ಲ, ಎಲ್ಲರ ನಾಲಗೆಯಲ್ಲಿ ಇದ್ದವು. ಸೈನೈಡ್ ದಿಬ್ಬಗಳು ರಸ್ತೆಯ ಪಕ್ಕಕ್ಕೇ ಬಂದು ನಿಂತವು. ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಕುಟ್ಟಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಬಿಡಿಸಿಕೊಂಡ ಮೇಲೆ ಉಳಿದ ಮಣ್ಣಿನ ಗುಡ್ಡಗಳವು. ಬೇಸಿಗೆಯ ಗಾಳಿಗೆ ಇದೇ ಮಣ್ಣು ಮನೆಮನೆಯ ತಟ್ಟೆಗೆ ಬೀಳುತ್ತದೆ. ಮಳೆಗಾಲದಲ್ಲಿ ಬಂದರೆ ಧೂಳಿನ ಕಾಟವಿಲ್ಲ, ಆದರೆ ಕಾಲಿಟ್ಟಲ್ಲಿ ಜಾರುತ್ತದೆ. ಎಚ್ಚರಿಕೆಯ ಫಲಕವೊಂದರ ಬುಡದಲ್ಲಿ ಅದರ ಅಕ್ಷರ ಬಿಡಿಸಿಕೊಳ್ಳಲು ಬಾಗಿದ ನಾನು ಜಾರಿ ಕುಳಿತೆ. ಪ್ಯಾಂಟಿಗೆ ಮೆತ್ತಿದ ಬೂದು ಕೆಸರು ಎರಡು ಸಲ ಒಗೆದರೂ ಪೂರ್ತಿ ಹೋಗಿಲ್ಲ.

ಆ ಫಲಕದ ಬಗ್ಗೆ ಹೇಳಬೇಕು. ಕೆಂಪು ಹಿನ್ನೆಲೆಗೆ ಬಿಳಿ ಅಕ್ಷರ. ಮೇಲೆ ಇಂಗ್ಲಿಷು, ಅದರ ಕೆಳಗೆ ಕನ್ನಡ, ತಮಿಳು. ಎಲ್ಲಕ್ಕೂ ಮೇಲೆ ತಲೆಬುರುಡೆ, ಎರಡು ಮೂಳೆ. ಗಣಿಯಲ್ಲಿ ಕೆಲಸದ ವೇಳೆಯ ನೋಟೀಸು, ಕಾಯಿದೆಯ ಸಾರಾಂಶ ಇವನ್ನು ಇಂಗ್ಲಿಷಿನಲ್ಲಿಯೂ ಕೆಲಸಗಾರರ ಭಾಷೆಯಲ್ಲಿಯೂ ಕಾಣುವಂತೆ ಅಂಟಿಸಬೇಕೆಂದು 1952ರ ಗಣಿ ಕಾಯಿದೆ ಹೇಳುತ್ತಿತ್ತು. ಅಂಥ ನೋಟೀಸುಗಳಿಗಾಗಿ ಮಾಡಿಸಿದ್ದಿರಬಹುದಾದ ಮರದ ಚೌಕಟ್ಟೊಂದು ಪಾಳುಬಿದ್ದ ಕಚೇರಿಯ ಜಗಲಿಯಲ್ಲಿ ನೇತಾಡುತ್ತಿತ್ತು. ಗಾಜು ಒಡೆದಿತ್ತು, ಕಾಗದ ಇರಲಿಲ್ಲ, ಗುಂಡುಸೂಜಿಗಳು ಮಾತ್ರ ಸಾಲಾಗಿ ತುಕ್ಕು ಹಿಡಿದಿದ್ದವು.

ಗೇಟೊಂದರ ಮುಂದೆ ಇನ್ನೊಂದು ಪ್ರಸಂಗ ನಡೆಯಿತು. ಫೋಟೋ ತೆಗೆಯುವುದನ್ನು ನಿಷೇಧಿಸಿದೆ ಎಂಬ ಬೋರ್ಡಿನ ಅಕ್ಷರಗಳು ಬಹಳ ಚೆನ್ನಾಗಿದ್ದವು. ಅದರ ಫೋಟೋ ತೆಗೆದೆ. ಕೊಡೆ ಹಿಡಿದ ಕಾವಲುಗಾರರು ಓಡಿ ಬಂದು, ‘ಬೋರ್ಡ್ ಓದಲಿಲ್ವಾ ಸಾರ್?’ ಎಂದರು. ‘ಓದೋದಕ್ಕೇ ಬಂದದ್ದು’ ಎಂದ ನನ್ನ ಉತ್ತರದಲ್ಲಿ ಅವರಿಗೆ ಹಾಸ್ಯ ಕಾಣಿಸಲಿಲ್ಲ. ಎದುರಿಗೇ ನಿಂತು ಚಿತ್ರವನ್ನು ಅಳಿಸಿ ತೋರಿಸಿದೆ. ಒಳಗೆ ಹೋಗಬೇಕೆನ್ನುವವರು ಮೊದಲೇ ಪತ್ರ ಬರೆದು ಅನುಮತಿ ಪಡೆಯುವುದು ಲೇಸು. ಬಾಯಿಮಾತಿನ ವಿನಂತಿಗೆ ಇಲ್ಲಿ ಬೆಲೆಯಿಲ್ಲ.

ಮಳೆ ಜೋರಾದಾಗ ಮಾರಿಕುಪ್ಪಂ ಕಡೆಯ ಒಂದು ಟೀ ಅಂಗಡಿಯಲ್ಲಿ ನಿಂತೆವು. ಈ ಹಳ್ಳಿಗಳಿಗೆ ಸಂಬಂಧಿಸಿದ ಅತ್ಯಂತ ಹಳೆಯ ಪ್ರಕಟಣೆಯೊಂದರ ಕಥೆ ನೆನಪಾಯಿತು. ಸರ್ವೆ ಕೆಲಸಕ್ಕೆಂದು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಇಲ್ಲಿಯ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಕೇಳಿ, ಅದನ್ನು ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿದನು; ಊರಿನವರು ಗಾಡಿಗಳಲ್ಲಿ ಮಣ್ಣು ತುಂಬಿಸಿಕೊಂಡು ಬಂದು ಅವನ ಕಣ್ಣೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಓದು ಬಾರದ ಜನರಿಗೆ ಸಾರಿದ ಆ ಮಾತು ತಲುಪಿತು, ಅವರು ಬಂದರು. ಮುಂದೆ 1873ರಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಲ್ಯಾವೆಲ್ ಮೈಸೂರು ಸರ್ಕಾರಕ್ಕೆ ಗಣಿಗಾರಿಕೆಯ ಅರ್ಜಿ ಹಾಕಿದ ಮೇಲೆ ಕಥೆ ಕಾಗದಕ್ಕೆ ಇಳಿಯಿತು. ಈ ಊರನ್ನು ಹೊಗಳಿದ ಮೊದಲ ದೊಡ್ಡ ಜಾಹೀರಾತುಗಳು ಈ ಊರಿನವರು ಓದಲೆಂದು ಬರೆದವಲ್ಲ. ಷೇರು ಕೊಳ್ಳಿರೆಂದು ಲಂಡನ್ನಿನಲ್ಲಿ ಹೊರಡಿಸಿದ ಕಂಪನಿಗಳ ವಿವರಪತ್ರಗಳವು. ಹಣವೆಲ್ಲ ಮುಗಿಯುತ್ತ ಬಂದು, ಗಣಿ ಮುಚ್ಚಬೇಕೆಂಬ ಹೊತ್ತಿನಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಮೈಸೂರು ಗಣಿಯಲ್ಲಿ ಚಾಂಪಿಯನ್ ಎಂಬ ಚಿನ್ನದ ಪದರವನ್ನು ಕಂಡುಹಿಡಿಯದಿದ್ದರೆ ಆ ಹೊಗಳಿಕೆಯೆಲ್ಲ ನೀರಿನ ಮೇಲಿನ ಬರಹವಾಗುತ್ತಿತ್ತು.

ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದ, ಎಂಬತ್ತರ ಆಸುಪಾಸಿನ ತಾತ ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತಿದ್ದರು. ಚಾಂಪಿಯನ್ ಗಣಿಯಲ್ಲಿ, ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಆ ಗಣಿಯಲ್ಲಿ, ಮೂವತ್ತು ವರ್ಷ ದುಡಿದವರು. ಗೆಳೆಯ ತಮಿಳಿನಲ್ಲಿ ಮಾತಿಗಾರಂಭಿಸಿದರೂ ನನಗೆ ತಿಳಿಯಲೆಂದು ಅವರೇ ಕನ್ನಡಕ್ಕೆ ಹೊರಳಿದರು. ನೋಟೀಸ್ ಬೋರ್ಡನ್ನು ಯಾರು ಓದುತ್ತಿದ್ದರು ತಾತ ಎಂದು ಕೇಳಿದೆ.

‘ನಮಗೆಲ್ಲ ಓದೋಕೆ ಎಲ್ಲಿ ಬರ್ತಿತ್ತು ಸಾರ್? ಸಂಗು ಊದಿದ್ರೆ ಎದ್ದು ಹೋಗೋದು, ಸಂಗು ಊದಿದ್ರೆ ಮೇಲೆ ಬರೋದು. ಹೊತ್ತಲ್ಲದ ಹೊತ್ತಲ್ಲಿ ಊದಿದ್ರೆ ಹೆಂಗಸರೆಲ್ಲ ಶಾಫ್ಟ್ ಕಡೆ ಓಡೋರು.’ ಸಂಗು ಎಂದರೆ ಗಣಿಯ ಸೈರನ್ನು, ನಮ್ಮ ಶಂಖವೇ. ತುಸು ತಡೆದು ಮತ್ತೆ ಹೇಳಿದರು: ‘ನಾನು ಇಂಗ್ಲಿಷಲ್ಲಿ ಕಲ್ತಿದ್ದು ನನ್ನ ನಂಬರ್ ಒಂದೇ. ಬೋರ್ಡಲ್ಲಿ ಮೊದಲು ಅದನ್ನ ಹುಡುಕೋದು. ಇಲ್ಲ ಅಂದ್ರೆ ಒಳ್ಳೇ ದಿನ.’

ಬೋರ್ಡಿನಲ್ಲಿ ನಂಬರು ಬಂತೆಂದರೆ ದಂಡವೋ ವಿಚಾರಣೆಯೋ ಇರುತ್ತಿತ್ತಂತೆ. 2001ರ ಫೆಬ್ರವರಿ ಕೊನೆಗೆ ಗಣಿಗಳು ಮುಚ್ಚಿದಾಗ ಅಂಟಿಸಿದ ನೋಟೀಸನ್ನು ನೋಡಲು ಅವರೂ ಹೋಗಿದ್ದರು. ಆ ಹೊತ್ತಿಗೆ ನಿವೃತ್ತರಾಗಿದ್ದರು, ಕೆಲಸದಲ್ಲಿದ್ದವನು ಮಗ. ‘ನಂಬರೇ ಇರ್ಲಿಲ್ಲ ಅದ್ರಲ್ಲಿ. ಯಾರದಪ್ಪಾ ಅಂತ ಕೇಳ್ದೆ. ಎಲ್ಲಾರ್ದೂ ಅಂದ ಮಗ.’ ಟೀ ಅಂಗಡಿಯವರು ಕೇಳದೆಯೇ ಅವರ ಲೋಟಕ್ಕೆ ಇನ್ನೊಂದಿಷ್ಟು ಹೊಯ್ದರು.

ಹಾಗೆಂದು ಗಣಿಯ ಲೈನುಗಳಲ್ಲಿ, ಕೂಲಿಕಾರರ ಆ ಸಾಲುಮನೆಗಳಲ್ಲಿ, ಓದು ಇರಲೇ ಇಲ್ಲವೆಂದು ತಿಳಿಯಬಾರದು. ನಾನೂ ಸ್ವಲ್ಪ ಹಾಗೆಯೇ ತಿಳಿದು ಬಂದಿದ್ದೆ. ದಲಿತ ಚಿಂತಕ ಅಯೋತಿ ದಾಸ್ ಪಂಡಿತರು 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ ‘ಒರು ಪೈಸಾ ತಮಿಳನ್’ ವಾರಪತ್ರಿಕೆ, ತನ್ನ ಬೆಲೆಯನ್ನೇ ಹೆಸರಾಗಿ ಸಾರಿಕೊಂಡ ಆ ಪತ್ರಿಕೆ, ಅವರು 1914ರಲ್ಲಿ ತೀರಿಕೊಂಡ ಮೇಲೆ 1920ರ ದಶಕದಲ್ಲಿ ‘ತಮಿಳನ್’ ಎಂಬ ಹೆಸರಿನಲ್ಲಿ ಮತ್ತೆ ಹೊರಟದ್ದು ಇದೇ ಕೆ.ಜಿ.ಎಫ್.ನಿಂದ. ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪುಸ್ತಕಶಾಲೆ ಪಂಡಿತರ ಬರಹಗಳನ್ನು ಅಚ್ಚು ಹಾಕಿಸಿ ಹಂಚಿತು. ಕಂಪನಿಯ ಗೋಡೆಯಲ್ಲಿ ಕೂಲಿಕಾರನು ಒಂದು ನಂಬರು. ಲೈನಿನ ಜಗಲಿಯಲ್ಲಿ ಓದು ಬಂದವನೊಬ್ಬ ಗಟ್ಟಿಯಾಗಿ ಓದಿದರೆ ಹತ್ತು ಮಂದಿ ಓದುಗರು. ನೋಟೀಸನ್ನು ಹಾಗೆ ಗಟ್ಟಿಯಾಗಿ ಓದಿ ಕೇಳಿಸುವ ಆಸೆ ಯಾರಿಗೂ ಇದ್ದಿರಲಾರದು.

ರಾತ್ರಿ ಪರೋಟ, ಸಾಲ್ನಾ. ಒದ್ದೆ ಬೂಟಿನೊಳಗೆ ಹಳೆಯ ಪೇಪರು ತುರುಕಿ ಮಲಗಿದೆವು.

ಮೂರನೆಯ ದಿನ

ಮಳೆ ನಿಂತು ಎಳೆಬಿಸಿಲು ಬಂದಿತ್ತು. ಆಂಡರ್ಸನ್‌ಪೇಟೆಯ ಕಡೆಗೆ ನಡೆಯುತ್ತ ಹೋದಂತೆ ಗೋಡೆಗಳ ಮೇಲೆ ಕೆಂಪು ಅಕ್ಷರದ ಭಿತ್ತಿಪತ್ರಗಳು ಸಿಕ್ಕವು. 1946ರ ನವೆಂಬರ್ 4ರಂದು ಪೊಲೀಸ್ ಕಾರ್ಯಾಚರಣೆಯಲ್ಲಿ ಮಡಿದ ಗಣಿ ಕಾರ್ಮಿಕರ ಹುತಾತ್ಮರ ದಿನಕ್ಕೆ ಅಂಟಿಸಿದ್ದವು, ಮಳೆಗೆ ಅರ್ಧ ಕಳಚಿದ್ದವು. ಈ ಊರಿನ ಮುಷ್ಕರಗಳ ಚರಿತ್ರೆಯಲ್ಲಿ ನನಗೆ ಎಂದೂ ಮರೆಯದ್ದು 1930ರದ್ದು. ಕೆಲಸಗಾರರೆಲ್ಲರೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂದು ಕಂಪನಿಗಳು ಹೊರಟಾಗ ಸಾವಿರಾರು ಜನ ಗಣಿಗಿಳಿಯದೆ ಕುಳಿತರು. ಅಕ್ಷರ ಬಾರದವನ ಹೆಬ್ಬೆಟ್ಟು ಸಾಲದ ಪತ್ರಕ್ಕೆ ನಡೆದೀತು, ಆದರೆ ಕಳ್ಳರ ದಾಖಲೆಯಂತೆ ಹತ್ತೂ ಬೆರಳಿನ ಗುರುತನ್ನು ಕಂಪನಿಯ ಪುಸ್ತಕದಲ್ಲಿ ಬಿಟ್ಟು ಬರುವುದು ಬೇರೆಯೇ ಮಾತು. ಓದಲು ಬಾರದವರೂ ಈ ಒಂದು ಬರಹವನ್ನು ಸರಿಯಾಗಿಯೇ ಓದಿಕೊಂಡಿದ್ದರು.

ಇಡ್ಲಿ ತಿಂದು ಕೈ ತೊಳೆಯುತ್ತಿದ್ದಾಗ ಎದುರಿನ ಕಬ್ಬಿಣದ ಶಟರಿನ ಮೇಲೆ ಒಬ್ಬರು ಬಣ್ಣದಲ್ಲಿ ಹೆಸರು ಬರೆಯುತ್ತಿರುವುದು ಕಂಡಿತು. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಯುವವರು ಹುಡುಕಿದರೂ ಸಿಗುವುದಿಲ್ಲವೆಂದು ತಿಳಿದಿದ್ದ ನಾನು ರಸ್ತೆ ದಾಟಿ ಹೋದೆ. ಐವತ್ತು ದಾಟಿದವರು. ತಂದೆಯೂ ಇದೇ ಕೆಲಸದವರಂತೆ. ಸುಣ್ಣ ಹಚ್ಚಿದ ದಾರವನ್ನು ಎರಡು ತುದಿಯಲ್ಲಿ ಬಿಗಿಹಿಡಿದು ಮೀಟಿದರೆ ಶಟರಿನ ಉಬ್ಬುತಗ್ಗಿನ ಮೇಲೂ ನೇರವಾದ ಗೆರೆ ಬೀಳುತ್ತಿತ್ತು. ಅಕ್ಷರವನ್ನು ಬಳಪದಲ್ಲಿ ಬರೆದುಕೊಳ್ಳದೆ ನೇರವಾಗಿ ಕುಂಚದಲ್ಲಿಯೇ ತಿದ್ದುತ್ತಿದ್ದರು.

‘ನಾಲ್ಕು ಭಾಷೆ ಬರೀತೀನಿ ಅಣ್ಣಾ, ಓದೋದು ಎರಡೇ’ ಎಂದರು. ತೆಲುಗನ್ನೂ ಇಂಗ್ಲಿಷನ್ನೂ ಚಿತ್ರದಂತೆ ನೋಡಿ ಬರೆಯುತ್ತಾರಂತೆ, ತಪ್ಪಾಗುವುದಿಲ್ಲವಂತೆ. ಯಾವುದು ಕಷ್ಟ ಎಂದೆ. ಅವರ ಉತ್ತರವನ್ನು ಯಾವ ವ್ಯಾಕರಣದ ಮೇಷ್ಟರೂ ನನಗೆ ಹೇಳಿರಲಿಲ್ಲ. ತಮಿಳಿನಲ್ಲಿ ಅಕ್ಷರಗಳೆಲ್ಲ ಒಂದೇ ಸಾಲಿನಲ್ಲಿ ಕೂರುತ್ತವೆ, ಆದರೆ ಮಾತು ಉದ್ದ, ಅಗಲ ಸಾಲುವುದಿಲ್ಲ. ಕನ್ನಡದಲ್ಲಿ ಅಗಲ ಸಾಲುತ್ತದೆ, ಎತ್ತರ ಸಾಲುವುದಿಲ್ಲ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬಿಡಬೇಕು, ಗುಡಿಸು, ಏತ್ವಗಳಿಗೆ ಮೇಲೆ ಬಿಡಬೇಕು. ಅಂಗಡಿಯವರು ಎರಡು ಭಾಷೆಗೂ ಸಮ ಅಳತೆ ಕೊಡಿ ಎಂದರೆ ಅಲ್ಲಿಯೇ ಜಗಳ. ‘ನಮ್ಮೂರ ಹೆಸರೇ ನೋಡಿ. ರಾಬರ್ಟ್‌ಸನ್‌ಪೇಟೆ! ಕನ್ನಡದಲ್ಲಿ ಬರೆಯೋ ಹೊತ್ತಿಗೆ ಒಂದು ಬೀಡಿ ಮುಗಿಯುತ್ತೆ.’

ಗಣಿ ನಡೆಯುತ್ತಿದ್ದಾಗ ಅವರ ತಂದೆ ‘ಅಪಾಯ’ ಫಲಕಗಳನ್ನು ಡಜನ್ ಲೆಕ್ಕದಲ್ಲಿ ಬರೆದು ಕೊಡುತ್ತಿದ್ದರಂತೆ. ಕೆಂಪು ಬಣ್ಣ ಮಿಕ್ಕಿದರೆ ಅದರಲ್ಲಿಯೇ ಪೇಟೆಯ ಬಟ್ಟೆ ಅಂಗಡಿಗೆ ದೀಪಾವಳಿಯ ರಿಯಾಯಿತಿಯನ್ನೂ ಬರೆದದ್ದುಂಟಂತೆ. ನನ್ನ ಎರಡು ಗೋಡೆಗಳ ಸಿದ್ಧಾಂತ ಆ ಒಂದು ಡಬ್ಬಿಯಲ್ಲಿ ಕಲಸಿಹೋಯಿತು. ಗೆಳೆಯ ಏನೂ ಅನ್ನಲಿಲ್ಲ, ನನ್ನ ಕಡೆ ನೋಡಿ ಕೆಮ್ಮಿದ.

ಈಗ ಕೆಲಸ ಹೇಗಿದೆ ಎಂದು ಕೇಳಿದಾಗ ಅವರು ಶಟರಿನ ಮೇಲ್ಭಾಗದಲ್ಲಿದ್ದ ಫ್ಲೆಕ್ಸನ್ನು ಕುಂಚದಿಂದ ತೋರಿಸಿದರು. ಹಾಕಿ ಒಂದು ವರ್ಷವಾಗಿಲ್ಲ, ಬಿಸಿಲಿಗೆ ಕೆಂಪೆಲ್ಲ ಹಾರಿ ಅಂಗಡಿಯ ಹೆಸರು ತಿಳಿ ಗುಲಾಬಿಯಾಗಿತ್ತು. ಮಾಲೀಕರಿಗೆ ಅದಕ್ಕೇ ಶಟರಿನ ಮೇಲೆ ಪೇಂಟು ಬೇಕಾದದ್ದು. ‘ಫ್ಲೆಕ್ಸ್ ಇರೋವರೆಗೂ ನಮ್ಮ ಕೈಗೆ ಹೀಗೆ ಅಲ್ಲೊಂದು ಇಲ್ಲೊಂದು ಸಿಗ್ತಾ ಇರುತ್ತೆ’ ಎಂದು ಅವರು ಮತ್ತೆ ಶಟರಿನ ಕಡೆ ತಿರುಗಿದರು. ಮುಗಿಸಿದ ಮೇಲೆ ಬಲಗಡೆಯ ಮೂಲೆಯಲ್ಲಿ, ಕಡಲೆಕಾಳಿನಷ್ಟು ಸಣ್ಣ ಅಕ್ಷರದಲ್ಲಿ, ತಮ್ಮ ಸಹಿ ಹಾಕಿದರು. ಅದಕ್ಕೂ ಮುಂಚೆ ನನ್ನನ್ನು ಕರೆದು, ಅಂಗಡಿಯ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆಯೇ ನೋಡಿ ಎಂದರು. ಬಿಟ್ಟಿರಲಿಲ್ಲ.

ಮಧ್ಯಾಹ್ನದ ರೈಲಿಗೆ ಮಾರಿಕುಪ್ಪಂನಿಂದಲೇ ಹತ್ತೋಣವೆಂದು ಹೋದೆವು. ಹೊರಡುವ ನಿಲ್ದಾಣವಾದ್ದರಿಂದ ಜಾಗ ಖಾತ್ರಿ. ಹುಡುಗನೊಬ್ಬ ಬಕೆಟ್ಟಿನಲ್ಲಿ ಮೈದಾ ಗೋಂದು ಹಿಡಿದು, ಗೋಡೆಯುದ್ದಕ್ಕೂ ಹೊಸ ಹಾಳೆಗಳನ್ನು ಸರಸರನೆ ಅಂಟಿಸುತ್ತ ಬರುತ್ತಿದ್ದ. ಹಳೆಯದರ ಮೇಲೆಯೇ ಹೊಸದು, ನೋಡಿದರೆ ಅದೇ ತಲೆಬರಹ. ನಾನು ಗೋಡೆಗೆ ಒರಗಿಸಿಟ್ಟಿದ್ದ ಚೀಲವನ್ನು ಎತ್ತಿಕೊಳ್ಳುವಷ್ಟರಲ್ಲಿ ಅವನು ಅಲ್ಲಿಯೂ ಬಂದಿದ್ದ. ‘ಸ್ವಲ್ಪ ಸರೀರಿ ಅಂಕಲ್’ ಎಂದ. ಗೆಳೆಯ ಬಂಗಾರಪೇಟೆಯಲ್ಲಿ ಇಳಿದುಕೊಂಡ.

ಮನೆಗೆ ಬಂದು ಚೀಲ ಬಿಚ್ಚುವಾಗ ಅದರ ಬೆನ್ನಿಗೆ ಹಳದಿ ಹಾಳೆಯ ಒಂದು ಪಟ್ಟಿ ಅಂಟಿಕೊಂಡಿತ್ತು. ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ, ಅದರ ಮೇಲೆ ಅರ್ಧ ಹರಿದ ‘ಕಾಗಿದ್ದಾರೆ’. ಮಗಳು ಅದನ್ನು ಓದಿ, ಯಾರು ಎಂದು ಕೇಳಿದಳು.